ಅಂಡಮಾನಿನಲ್ಲಿ ಮೊದಲ ದಿನ: ಪೋರ್ಟ್ ಬ್ಲೇರಿನಲ್ಲೇ ತಂಗುವುದೋ, ಅಂದೇ ಹ್ಯಾವ್‌ಲಾಕಿಗೆ ದಾಟುವುದೋ?

ಹೇಮಾವತಿ ತೀರ ಬರೆದದ್ದು:

ಮಕ್ಕಳು ಮತ್ತು ಹಿರಿಯರೊಂದಿಗೆ ಅಂಡಮಾನಿಗೆ ಹೊರಡುವವರು ಮೊದಲ ದಿನದ ಕಾರ್ಯಕ್ರಮವನ್ನು ಗಡಿಯಾರ ನೋಡಿ ಹಾಕಿಕೊಳ್ಳದೆ ಸೂರ್ಯನನ್ನು ನೋಡಿ ಹಾಕಿಕೊಳ್ಳಬೇಕು ಎಂಬುದು ಈ ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ ಬಂದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ. 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂಬ ಹೆಸರು ಪಡೆದ ಪೋರ್ಟ್ ಬ್ಲೇರ್ ಅಕ್ಷಾಂಶದಲ್ಲಿ ನಮ್ಮ ಮೈಸೂರಿಗೆ ಸಮೀಪವೇ ಇದ್ದರೂ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹೀಗಾಗಿ ಅಲ್ಲಿ ಸೂರ್ಯ ನಮಗಿಂತ ಸರಿಸುಮಾರು ಒಂದು ಗಂಟೆ ಮೊದಲೇ ಹುಟ್ಟಿ, ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಸಂಜೆ 5 ಗಂಟೆಗೆಲ್ಲ ಸೂರ್ಯಾಸ್ತವಾಗುತ್ತದೆ. ವರ್ಷದ ಯಾವ ತಿಂಗಳಲ್ಲಿಯೂ 6 ಗಂಟೆಯ ನಂತರ ಅಲ್ಲಿ ಸೂರ್ಯ ಕಾಣಸಿಗುವುದಿಲ್ಲ. ನಮ್ಮೂರಿನಲ್ಲಿ ಮಧ್ಯಾಹ್ನ ಊಟ ಮುಗಿಸಿ ಸ್ವಲ್ಪ ಅಡ್ಡಾಗಿ 4 ಗಂಟೆಗೆ ಸುತ್ತಾಡಲು ಹೊರಡುವ ಅಭ್ಯಾಸವಿರುವವರಿಗೆ ಅಲ್ಲಿ ಸಿಗುವುದು ಬರಿಯ ಮುಸ್ಸಂಜೆ.

ನಮ್ಮದು ಎಪ್ಪತ್ತು ದಾಟಿದ ನಮ್ಮ ಅತ್ತೆಯವರು, ನಾವು ದಂಪತಿ, ಎಂಟನೆಯ ತರಗತಿಯ ಮಗಳು, ಎರಡನೆಯ ತರಗತಿಯ ಮಗ ಇಷ್ಟು ಜನರ ಗುಂಪು. ಬೆಂಗಳೂರಿನಿಂದ ಬೆಳಗಿನ ಜಾವದ ನೇರ ವಿಮಾನ ಹಿಡಿಯಬೇಕೆಂದರೆ ಮನೆಯವರೆಲ್ಲ ನಡುರಾತ್ರಿಯೇ ಎದ್ದಿರುತ್ತಾರೆ ಎಂಬುದನ್ನು ಪ್ರವಾಸದ ಪಟ್ಟಿ ಬರೆಯುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಇಳಿಯುವ ಮುನ್ನ ಕಡುನೀಲಿಯ ಕಡಲಿನ ನಡುವೆ ದ್ವೀಪಗಳು ಒಂದೊಂದಾಗಿ ಕಾಣತೊಡಗಿದಾಗ, ಅವುಗಳ ಅಂಚಿನಲ್ಲಿ ನೀರು ಹಸಿರು ಬಣ್ಣಕ್ಕೆ ತಿರುಗಿ ದಡದ ಬಳಿ ಬಿಳಿಯಾಗುವುದನ್ನು ಮಕ್ಕಳಿಬ್ಬರೂ ಕಿಟಕಿಗೆ ಮೂಗು ಒತ್ತಿ ನೋಡಿದರು. ಕೊಠಡಿಗೆ ಸೇರಿ ಎರಡು ತಾಸು ಎಲ್ಲರೂ ಮಲಗಿ, ಬೇಗ ಊಟ ಮುಗಿಸಿ, ಮಧ್ಯಾಹ್ನದ ಬಿಡುವಿನ ನಂತರ ಸೆಲ್ಯುಲರ್ ಜೈಲಿನ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆವು. ಅಲ್ಲಿಂದ ಊರಿನ ದಕ್ಷಿಣಕ್ಕಿರುವ ಕಾರ್ಬಿನ್ಸ್ ಕೋವ್ ಕಡಲತೀರಕ್ಕೆ ಹೋದೆವು. ಅದು ಪೂರ್ವಕ್ಕೆ ಮುಖ ಮಾಡಿರುವ ತೀರವಾದ್ದರಿಂದ ಸೂರ್ಯ ನಮ್ಮ ಬೆನ್ನ ಹಿಂದಿನ ಗುಡ್ಡಕ್ಕೆ ಸರಿದು, 4 ಗಂಟೆ ದಾಟುತ್ತಿದ್ದಂತೆ ತೆಂಗಿನ ಮರಗಳ ನೆರಳು ನೀರಿನವರೆಗೂ ಚಾಚಿತ್ತು.

ಮಗ ಅಲ್ಲಿ ಬೆರಳಿನ ಉಗುರಿನಷ್ಟಿದ್ದ ಶಂಖವೊಂದನ್ನು ಎತ್ತಿಕೊಂಡ. ಅಂಗೈ ಮೇಲೆ ಇಟ್ಟುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದಾಗ ಅದರೊಳಗಿನಿಂದ ಮೊದಲು ಎರಡು ಮೀಸೆ, ಆಮೇಲೆ ಒಂದು ನೇರಳೆ ಬಣ್ಣದ ಕೊಂಡಿ, ಆಮೇಲೆ ಕಾಲುಗಳು ಹೊರಬಂದು ಇಡೀ ಶಂಖವೇ ಅವನ ಮಣಿಕಟ್ಟಿನ ಕಡೆಗೆ ನಡೆಯತೊಡಗಿತು. ಖಾಲಿ ಶಂಖವನ್ನು ಮನೆ ಮಾಡಿಕೊಂಡು ಬದುಕುವ ಆ ಏಡಿಯನ್ನು ಮರಳಿಗೆ ಬಿಟ್ಟ ಮೇಲೆ ಅವನು ಉಳಿದ ಹೊತ್ತನ್ನೆಲ್ಲ ಮಂಡಿಯೂರಿಯೇ ಕಳೆದ. ಸಮುದ್ರದ ಕಡೆಗೆ ತಲೆಯೆತ್ತಿ ಕೂಡ ನೋಡಲಿಲ್ಲ.

ಸಂಜೆ ಅತ್ತೆಯವರೂ ನಾನೂ ಚಿಕ್ಕವನೊಂದಿಗೆ ಕೊಠಡಿಗೆ ಮರಳಿದೆವು. ನಮ್ಮ ಯಜಮಾನರು ಮಗಳನ್ನು ಕರೆದುಕೊಂಡು ಜೈಲಿನ ಅಂಗಳದಲ್ಲಿ ನಡೆಯುವ ಧ್ವನಿ ಮತ್ತು ಬೆಳಕಿನ ಕಾರ್ಯಕ್ರಮಕ್ಕೆ ಹೋದರು. ನಮ್ಮ ಮೊದಲ ದಿನ ಇಷ್ಟೇ, ಮತ್ತು ಇಷ್ಟು ಸಾಕು ಎಂಬುದು ನನ್ನ ನಿಲುವು.

ಈಗ ಪ್ರಶ್ನೆ. ನನ್ನ ನಾದಿನಿಯ ಕುಟುಂಬ ನಾಲ್ಕು ವರ್ಷದ ಮಗುವಿನೊಂದಿಗೆ ಜನವರಿಯಲ್ಲಿ ಹೊರಡುತ್ತಿದೆ. ಅವರ ಪ್ರವಾಸ ಏಜೆಂಟರು ವಿಮಾನ ಇಳಿದ ದಿನವೇ ಹಡಗು ಹತ್ತಿಸಿ ಹ್ಯಾವ್‌ಲಾಕಿಗೆ, ಅಂದರೆ ಸ್ವರಾಜ್ ದ್ವೀಪಕ್ಕೆ ಕರೆದೊಯ್ಯುವ ಪಟ್ಟಿ ಕೊಟ್ಟಿದ್ದಾರೆ. ನನಗೆ ಇದು ಸರಿಕಾಣುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬಯಲುಸೀಮೆ ಅಲೆಮಾರಿ ಬರೆದದ್ದು:

ಏಜೆಂಟರ ಪಟ್ಟಿಯಲ್ಲಿ ತಪ್ಪೇನೂ ಕಾಣುವುದಿಲ್ಲ. ನೀವು ಅದನ್ನು ಮೊದಲ ದಿನದ ಆಯಾಸದ ದೃಷ್ಟಿಯಿಂದ ನೋಡುತ್ತಿದ್ದೀರಿ, ನಾನು ಕೊನೆಯ ದಿನದ ಆತಂಕದ ದೃಷ್ಟಿಯಿಂದ ನೋಡುತ್ತೇನೆ. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗುಗಳು ಹವಾಮಾನ ಕೆಟ್ಟರೆ ನಿಂತುಬಿಡುತ್ತವೆ, ಆಗ ವಿಮಾನದ ಟಿಕೆಟ್ ಹಿಡಿದುಕೊಂಡು ಹ್ಯಾವ್‌ಲಾಕಿನಲ್ಲಿ ಸಿಕ್ಕಿಬಿದ್ದವರ ಗತಿ ಕೇಳುವುದೇ ಬೇಡ. ಆದ್ದರಿಂದ ದೂರದ ದ್ವೀಪಗಳನ್ನು ಮೊದಲು ಮುಗಿಸಿ, ಪೋರ್ಟ್ ಬ್ಲೇರಿನಲ್ಲಿ ನೋಡಬೇಕಾದ ಜೈಲು, ವಸ್ತುಸಂಗ್ರಹಾಲಯ, ರಾಸ್ ದ್ವೀಪ ಇವನ್ನೆಲ್ಲ ಪ್ರವಾಸದ ಕೊನೆಗೆ ಇಟ್ಟುಕೊಂಡರೆ, ಹಡಗು ಒಂದು ದಿನ ತಡವಾದರೂ ಕಳೆದುಕೊಳ್ಳುವುದು ಊರು ಸುತ್ತುವ ಒಂದು ದಿನವನ್ನು ಮಾತ್ರ. ಮೊದಲ ದಿನವನ್ನೇ ಪೋರ್ಟ್ ಬ್ಲೇರಿನಲ್ಲಿ ಖರ್ಚು ಮಾಡಿದವರಿಗೆ ಆ ಅವಕಾಶ ಇರುವುದಿಲ್ಲ.

ಇನ್ನೊಂದು ಮಾತು. ಮಕ್ಕಳು ದ್ವೀಪವೆಂದರೆ ಬಿಳಿ ಮರಳು, ತಿಳಿನೀರು ಎಂದು ಕನಸು ಕಾಣುತ್ತಾ ಬಂದಿರುತ್ತಾರೆ. ಅವರನ್ನು ಆಟೋ ಹಾರನ್ನಿನ ನಡುವೆ ಅಬರ್ಡೀನ್ ಬಜಾರಿನ ಏರುದಾರಿಯಲ್ಲಿ ನಿಲ್ಲಿಸಿದರೆ ಮುಖ ಸಪ್ಪಗಾಗುತ್ತದೆ.

ಗಂಗೊಳ್ಳಿ ಕಡಲು ಬರೆದದ್ದು:

ಅಲೆಮಾರಿಯವರ ವಾದದ ಅರ್ಧ ಭಾಗವನ್ನು ಒಪ್ಪುತ್ತೇನೆ. ವಿಮಾನಕ್ಕೆ ಮುಂಚಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಬೇಕೆಂಬುದು ಸರಿ. ಆದರೆ ಅದಕ್ಕಾಗಿ ಮೊದಲ ದಿನವೇ ಹಡಗು ಹತ್ತಬೇಕೆಂದಿಲ್ಲ, ಊರಿನ ನೋಟಗಳನ್ನು ಎರಡು ಭಾಗ ಮಾಡಿ ಒಂದನ್ನು ಮೊದಲಿಗೆ, ಇನ್ನೊಂದನ್ನು ಕೊನೆಗೆ ಇಟ್ಟುಕೊಳ್ಳಬಹುದು.

ಈ ವಿಷಯದಲ್ಲಿ ಸಮುದ್ರವನ್ನು ಬಲ್ಲವರು ಮೊದಲು ಕೇಳುವ ಪ್ರಶ್ನೆ ಬೇರೆ: ಆ ದಿನ ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ? ಅಂಡಮಾನಿನಲ್ಲಿಯೂ ನಮ್ಮ ಕರಾವಳಿಯಂತೆಯೇ ದಿನಕ್ಕೆ ಎರಡು ಉಬ್ಬರ, ಎರಡು ಇಳಿತಗಳಿವೆ. ಪ್ರತಿದಿನ ಅವು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜೋರಾಗಿರುತ್ತದೆ. ಆ ದಿನಗಳಲ್ಲಿ ಅಲ್ಲಿನ ನೀರಿನ ಮಟ್ಟದ ವ್ಯತ್ಯಾಸ ಸುಮಾರು 2 ಮೀಟರ್ ಇರುತ್ತದೆ, ಅಂದರೆ ನಾವು ಗಂಗೊಳ್ಳಿಯಲ್ಲಿ ಕಾಣುವುದಕ್ಕಿಂತ ತುಸು ಹೆಚ್ಚು. ಹ್ಯಾವ್‌ಲಾಕಿನ ಪೂರ್ವ ತೀರದಲ್ಲಿರುವ ವಿಜಯನಗರ ಬೀಚಿನಂಥ ಸಮತಟ್ಟು ಜಾಗಗಳಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ದೂರ ಸರಿದುಹೋಗಿ, ಸತ್ತ ಹವಳದ ಚೂಪು ಬಂಡೆಗಳೂ ಪಾಚಿ ಕಟ್ಟಿದ ಕುಣಿಗಳೂ ಹೊರಬೀಳುತ್ತವೆ. ಚಿತ್ರಪಟದಲ್ಲಿ ನೋಡಿದ ನೀಲಿ ನೀರನ್ನು ಹುಡುಕಿಕೊಂಡು ಬಂದ ಕುಟುಂಬ, ಕೊಠಡಿಯ ಎದುರಿಗೇ ಕೆಸರು ಬಂಡೆಗಳನ್ನು ಕಂಡು ಹೋಟೆಲಿನವರ ಮೇಲೆ ರೇಗುವುದನ್ನು ನೋಡಿದ್ದೇನೆ. ಆರು ತಾಸು ಕಳೆದು ಬಂದರೆ ಅದೇ ಜಾಗದಲ್ಲಿ ಎದೆಮಟ್ಟದ ತಿಳಿನೀರಿರುತ್ತದೆ. ಮಕ್ಕಳನ್ನು ಆ ಬಂಡೆಗಳ ಮೇಲೆ ಬರಿಗಾಲಲ್ಲಿ ನಡೆಸಬಾರದು. ಹವಳದಿಂದ ಆದ ಗಾಯ ಬೇಗ ಮಾಗುವುದಿಲ್ಲ.

ಮೊದಲ ದಿನವೇ ಹ್ಯಾವ್‌ಲಾಕಿಗೆ ಹೋಗುವವರ ಲೆಕ್ಕವನ್ನು ಇದರ ಜೊತೆಗಿಟ್ಟು ನೋಡಿ. ವೇಗದ ಖಾಸಗಿ ಹಡಗಿಗೆ ಒಂದೂವರೆಯಿಂದ ಎರಡು ಗಂಟೆ, ಸರ್ಕಾರಿ ಹಡಗಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಜೆಟ್ಟಿಯಲ್ಲಿ ಗುರುತಿನ ಚೀಟಿ, ಸಾಮಾನು ತಪಾಸಣೆ ಎಂದು ಒಂದು ಗಂಟೆ ಮೊದಲೇ ಇರಬೇಕು. ಮಧ್ಯಾಹ್ನದ ಹಡಗಿನಲ್ಲಿ ಹೊರಟವರು ಅಲ್ಲಿಗೆ ತಲುಪಿ, ಸಾಮಾನು ಇಳಿಸಿ, ಕೊಠಡಿ ಸೇರುವಷ್ಟರಲ್ಲಿ 4 ಗಂಟೆ. ರಾಧಾನಗರ ಬೀಚ್ ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ ದ್ವೀಪದ ಪಶ್ಚಿಮ ದಡದಲ್ಲಿದೆ. ಅಲ್ಲಿಗೆ ಓಡಿದರೂ ಸಿಗುವುದು ಅರ್ಧ ಗಂಟೆಯ ಬೆಳಕು, ಅಷ್ಟರಲ್ಲಿ ಜೀವರಕ್ಷಕರು ಸೀಟಿ ಊದಿ ನೀರಿನಲ್ಲಿರುವವರನ್ನೆಲ್ಲ ಮೇಲಕ್ಕೆ ಕರೆಯುತ್ತಾರೆ. ಅಂದೇ ಹೋಗಲೇಬೇಕಾದರೆ ವಿಮಾನ ಬೆಳಿಗ್ಗೆ ಬೇಗ ಇಳಿಯುವಂತಿರಬೇಕು, ಹಡಗೂ ಮಧ್ಯಾಹ್ನಕ್ಕೆ ಮೊದಲಿನದಾಗಿರಬೇಕು. ಎರಡರ ನಡುವೆ ಮೂರು ಗಂಟೆಗಿಂತ ಕಡಿಮೆ ಅಂತರವಿದ್ದರೆ ಒಪ್ಪಿಕೊಳ್ಳಬೇಡಿ.

ಬಯಲುಸೀಮೆ ಅಲೆಮಾರಿ ಬರೆದದ್ದು:

ಮೂರು ಗಂಟೆಯ ಅಂತರದ ಮಾತು ನ್ಯಾಯವಾದದ್ದು. ಆದರೆ ರಾಧಾನಗರಕ್ಕೆ ಅಂದೇ ಹೋಗಬೇಕೆಂದು ಯಾರು ಹೇಳಿದರು? ಕೊಠಡಿಯ ಎದುರಿನ ತೀರದಲ್ಲಿ ಕಾಲು ನೆನೆಸಿ ಮಲಗಿದರೆ, ಮರುದಿನ ಐದೂವರೆಗೆ ಅದೇ ತೀರದಲ್ಲಿ ಸೂರ್ಯೋದಯ ಸಿಗುತ್ತದೆ. ಪೋರ್ಟ್ ಬ್ಲೇರಿನಲ್ಲಿ ಉಳಿದವರು ಆ ಹೊತ್ತಿಗೆ ಜೆಟ್ಟಿಗೆ ಹೋಗಲು ಚೀಲ ಕಟ್ಟುತ್ತಿರುತ್ತಾರೆ.

ಅಬರ್ಡೀನ್ ಬಜಾರ್ ಬರೆದದ್ದು:

ಕೇಂದ್ರ ಸರ್ಕಾರದ ನೌಕರಿಯ ಮೇಲೆ ಇಲ್ಲಿಗೆ ಬಂದು ನೆಲೆಸಿರುವ ಶಿವಮೊಗ್ಗ ಜಿಲ್ಲೆಯವನು ನಾನು. ಮೇಲಿನ ಪತ್ರದಲ್ಲಿ ನಮ್ಮ ಬಜಾರಿನ ಬಗ್ಗೆ ಬಂದ ಮಾತನ್ನು ನಗುತ್ತಲೇ ಒಪ್ಪಿಕೊಂಡು, ಇಲ್ಲಿನವರ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಹೆಸರುಗಳ ಗೊಂದಲ ಬೇಡ. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸರ ಹೆಸರು ಬಂತು. ಟಿಕೆಟ್ಟುಗಳಲ್ಲಿ ಹೊಸ ಹೆಸರು ಇರುತ್ತದೆ, ಆಟೋದವರ ಬಾಯಲ್ಲಿ ಹಳೆಯದೇ ಇರುತ್ತದೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸರ್ಕಾರಿ ಹಡಗುಗಳು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತವೆ, ಖಾಸಗಿಯವು ಹೆಚ್ಚಾಗಿ ಹ್ಯಾಡೋ ಕಡೆಯಿಂದ. ತಪ್ಪು ಜೆಟ್ಟಿಗೆ ಹೋಗಿ ನಿಂತವರು ಪ್ರತಿ ವಾರ ಸಿಗುತ್ತಾರೆ.

ಊಟದ ಚಿಂತೆ ಹಿರಿಯರಿಗೆ ಬೇಕಾಗಿಲ್ಲ. ಈ ಊರಿನಲ್ಲಿ ತಮಿಳರು, ತೆಲುಗರು, ಬಂಗಾಳಿಗಳು, ಮಲಯಾಳಿಗಳು, ರಾಂಚಿಯ ಕಡೆಯವರು ಎಲ್ಲರೂ ಇದ್ದು, ಬಜಾರಿನ ಸುತ್ತ ಇಡ್ಲಿ, ದೋಸೆ, ಬಾಳೆ ಎಲೆಯ ಊಟ ಸುಲಭವಾಗಿ ಸಿಗುತ್ತದೆ. ತರಕಾರಿಯ ಬಹುಪಾಲು ಚೆನ್ನೈ ಅಥವಾ ಕೋಲ್ಕತ್ತದಿಂದ ಹಡಗಿನಲ್ಲಿ ಸಾವಿರದ ಇನ್ನೂರು ಕಿಲೋಮೀಟರ್ ದಾಟಿ ಬರುವುದರಿಂದ ಪಲ್ಯ ತೆಳ್ಳಗಿದ್ದರೆ, ಬೆಲೆ ದಪ್ಪಗಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಮೀನು ತಿನ್ನುವವರಿಗೆ ಈ ಸಮಸ್ಯೆಯೇ ಇಲ್ಲ. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಯೂರಿದ ಕುಟುಂಬಗಳೇ ಹೆಚ್ಚಾಗಿರುವುದರಿಂದ ಅಲ್ಲಿನ ಅನ್ನ, ಬೇಳೆ, ಮೀನಿನ ಸಾರಿಗೆ ಸಾಸಿವೆ ಎಣ್ಣೆಯ ಘಾಟು ಇರುತ್ತದೆ. ಮಕ್ಕಳಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ನೀರನ್ನು ಹಿತಮಿತವಾಗಿ ಬಳಸಬೇಕೆಂಬ ಒಂದು ಕೋರಿಕೆಯೂ ಇದೆ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ ಎಂಬುದು ನಿಜ, ಆದರೆ ಫೆಬ್ರವರಿ ಕಳೆದ ಮೇಲೆ ಊರಿನ ನಲ್ಲಿಗಳು ದಿನ ಬಿಟ್ಟು ದಿನ ಬರುವ ಸ್ಥಿತಿಗೆ ಬರುತ್ತವೆ. ಬಂದವರು ಉಪ್ಪುನೀರು ತೊಳೆದುಕೊಳ್ಳಲು ಅರ್ಧ ಗಂಟೆ ಷವರಿನ ಕೆಳಗೆ ನಿಲ್ಲುವಾಗ ನಮಗೆ ಹೊಟ್ಟೆ ಉರಿಯುತ್ತದೆ.

ಧಾರವಾಡದ ಮೇಷ್ಟ್ರು ಬರೆದದ್ದು:

ಮೊದಲ ದಿನಕ್ಕೆ ಸೆಲ್ಯುಲರ್ ಜೈಲನ್ನೇ ಆರಿಸಿಕೊಂಡದ್ದು ಬಹಳ ಸರಿಯಾಯಿತು. ಈ ದ್ವೀಪಗಳಲ್ಲಿ ಇಂದು ಇರುವ ಊರು ಹುಟ್ಟಿದ್ದೇ ಕೈದಿಗಳ ವಸಾಹತಾಗಿ. 1857ರ ದಂಗೆಯ ಮರುವರ್ಷ ಬ್ರಿಟಿಷರು ಬಂದಿಗಳನ್ನು ತಂದು ಕಾಡು ಕಡಿಸಿದರು, ಊರು ಬೆಳೆಯಿತು, ಜೈಲು ಬಂದದ್ದು ಆಮೇಲೆ. ಇದನ್ನು ಮೊದಲು ತಿಳಿದುಕೊಂಡವರಿಗೆ ಮುಂದಿನ ದಿನಗಳಲ್ಲಿ ಕಾಣುವ ಊರು, ಜನ, ರಸ್ತೆ ಎಲ್ಲವೂ ಬೇರೆಯಾಗಿ ಕಾಣುತ್ತವೆ.

ಮಕ್ಕಳಿಗೆ ಅಲ್ಲಿ ತೋರಿಸಬೇಕಾದದ್ದು ಕಟ್ಟಡದ ವಿನ್ಯಾಸ. 1896ರಲ್ಲಿ ಕೆಲಸ ಶುರುವಾಗಿ 1906ರಲ್ಲಿ ಮುಗಿದ ಈ ಜೈಲಿನಲ್ಲಿ ನಡುವಿನ ಗೋಪುರದಿಂದ ಏಳು ಸಾಲುಗಳು ಕವಲೊಡೆದಿದ್ದವು, ಆರುನೂರ ತೊಂಬತ್ತಕ್ಕೂ ಹೆಚ್ಚು ಒಂಟಿ ಕೋಣೆಗಳಿದ್ದವು. ಸಾಮಾನ್ಯ ಜೈಲುಗಳಲ್ಲಿರುವಂತೆ ಹತ್ತಾರು ಜನರನ್ನು ಕೂಡಿಹಾಕುವ ದೊಡ್ಡ ಕೊಠಡಿ ಒಂದೂ ಇರಲಿಲ್ಲ. ಒಂದು ಸಾಲಿನ ಕೋಣೆಗಳ ಮುಂಭಾಗ ಮತ್ತೊಂದು ಸಾಲಿನ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದರಿಂದ ಒಬ್ಬ ಬಂದಿಗೆ ಇನ್ನೊಬ್ಬನ ಮುಖ ಕಾಣುತ್ತಿರಲಿಲ್ಲ. ಕೋಣೆಯ ಬಾಗಿಲ ಅಗುಳಿಯನ್ನು ಗಮನಿಸಲು ಹೇಳಿ. ಅದು ಬಾಗಿಲಿನಿಂದ ದೂರ, ಗೋಡೆಯೊಳಗಿನ ಗೂಡಿನಲ್ಲಿ ಬಂದು ಸೇರುತ್ತದೆ, ಒಳಗಿನಿಂದ ಕೈ ಎಷ್ಟು ಚಾಚಿದರೂ ನಿಲುಕುವುದಿಲ್ಲ. ಎಂಟನೆಯ ತರಗತಿಯ ಹುಡುಗಿ ಆ ಅಗುಳಿಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿದರೆ ಪಠ್ಯಪುಸ್ತಕದ ಅರ್ಧ ಪಾಠ ಮುಗಿದಂತೆ. ಅಂಗಳದಲ್ಲಿ ಗಾಣದ ಮಾದರಿಯಿದೆ. ದಿನಕ್ಕೆ ಮೂವತ್ತು ಪೌಂಡ್ ತೆಂಗಿನೆಣ್ಣೆ ತೆಗೆಯಬೇಕೆಂದು ಮನುಷ್ಯರನ್ನು ಎತ್ತುಗಳ ಜಾಗಕ್ಕೆ ಕಟ್ಟುತ್ತಿದ್ದರು. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ ಸಿಂಗ್, ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೈತ್ರ ಈ ಮೂವರು ಪ್ರಾಣ ಬಿಟ್ಟರು. ಸಾವರ್ಕರರ ಕೋಣೆಯ ಮುಂದೆ ಸಾಲು ಹಚ್ಚಿ ನಿಂತು ಚಿತ್ರ ತೆಗೆಸಿಕೊಂಡು ಹೋಗುವವರು ಈ ಮೂರು ಹೆಸರುಗಳನ್ನು ಓದದೆ ಹೋಗುವುದನ್ನು ನೋಡಿದರೆ ಬೇಸರವಾಗುತ್ತದೆ.

ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಉಳಿದವು ಇದ್ದ ಜಾಗದಲ್ಲಿ ಗೋವಿಂದ ವಲ್ಲಭ ಪಂತರ ಹೆಸರಿನ ಆಸ್ಪತ್ರೆ ನಡೆಯುತ್ತಿದೆ. 1979ರ ಫೆಬ್ರವರಿ 11ರಂದು ಜೈಲನ್ನು ರಾಷ್ಟ್ರೀಯ ಸ್ಮಾರಕವಾಗಿ ಅರ್ಪಿಸಲಾಯಿತು.

ಎರಡು ಮಕ್ಕಳ ತಾಯಿ ಬರೆದದ್ದು:

ಮೇಷ್ಟ್ರ ಮಾತಿಗೆ ಗೌರವವಿದೆ. ಆದರೆ ಇಲ್ಲಿ ಪ್ರಶ್ನೆ ಇರುವುದು ನಾಲ್ಕು ವರ್ಷದ ಮಗುವಿನ ಬಗ್ಗೆ. ಗಲ್ಲಿನ ಕಂಬ, ಚಾವಟಿ ಏಟಿನ ಬೊಂಬೆ ಇವನ್ನು ನೋಡಿ ನನ್ನ ಚಿಕ್ಕ ಮಗಳು ರಾತ್ರಿಯೆಲ್ಲ ಪ್ರಶ್ನೆ ಕೇಳಿದಳು. ಅಂಥ ವಯಸ್ಸಿನವರಿದ್ದರೆ ಮೊದಲ ದಿನಕ್ಕೆ ರಾಸ್ ದ್ವೀಪವೇ ಸೂಕ್ತ. ಅಬರ್ಡೀನ್ ಜೆಟ್ಟಿಯಿಂದ ದೋಣಿಯಲ್ಲಿ ಹೋದರೆ ಸ್ವಲ್ಪವೇ ಹೊತ್ತಿನ ಪಯಣ, ಮರುದಿನದ ದೊಡ್ಡ ಹಡಗಿಗೆ ಮಗುವಿನ ಹೊಟ್ಟೆ ಹೇಗೆ ಹೊಂದಿಕೊಳ್ಳುತ್ತದೆ ಎಂಬ ಪರೀಕ್ಷೆಯೂ ಅಲ್ಲೇ ಆಗಿಬಿಡುತ್ತದೆ. ದ್ವೀಪದಲ್ಲಿ ಚುಕ್ಕೆ ಜಿಂಕೆಗಳೂ ನವಿಲುಗಳೂ ಜನರ ಪಕ್ಕದಲ್ಲೇ ಓಡಾಡಿಕೊಂಡಿರುತ್ತವೆ, ನಡೆಯಲಾಗದ ಹಿರಿಯರಿಗೆ ಬ್ಯಾಟರಿ ವಾಹನವಿದೆ. ಬ್ರಿಟಿಷ್ ಅಧಿಕಾರಿಗಳ ಬಂಗಲೆ, ಚರ್ಚು, ಬೇಕರಿ ಇವೆಲ್ಲವನ್ನೂ ಆಲದ ಜಾತಿಯ ಮರಗಳ ಬೇರುಗಳು ಅಪ್ಪಿಕೊಂಡು ನಿಂತಿವೆ. ಒಂದು ಗೋಡೆಯಲ್ಲಂತೂ ಇಟ್ಟಿಗೆ ಉದುರಿಹೋಗಿ ಬೇರೇ ಗೋಡೆಯಾಗಿ ನಿಂತಿದೆ, ಕಿಟಕಿಯ ಚೌಕಟ್ಟು ಇದ್ದ ಜಾಗ ಮಾತ್ರ ಹಾಗೆಯೇ ತೆರೆದುಕೊಂಡಿದೆ. ನನ್ನ ಮಗ ಅದರೊಳಗಿಂದ ತಲೆ ಹಾಕಿ ತಂಗಿಯನ್ನು ಕೂಗುತ್ತಿದ್ದ.

ಧಾರವಾಡದ ಮೇಷ್ಟ್ರು ಬರೆದದ್ದು:

ತಾಯಿಯವರ ಮಾತು ಒಪ್ಪತಕ್ಕದ್ದು. ನಾನು ದೊಡ್ಡ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಆದರೂ ರಾಸ್ ದ್ವೀಪವನ್ನು ಬರಿಯ ಜಿಂಕೆಗಳ ಜಾಗವೆಂದು ತೋರಿಸಬಾರದು. 1858ರಿಂದ ಎಂಬತ್ತಕ್ಕೂ ಹೆಚ್ಚು ವರ್ಷ ಆಳುವವರು ಬಾಲ್‌ರೂಮು, ಟೆನ್ನಿಸ್ ಅಂಗಳ ಕಟ್ಟಿಕೊಂಡು ಬಾಳಿದ್ದು ಅಲ್ಲಿ. ಜೈಲಿನ ಮಹಡಿಯ ಮೇಲೆ ನಿಂತರೆ ಆ ದ್ವೀಪ ಕಣ್ಣೆದುರಿಗೇ ಕಾಣುತ್ತದೆ. 1941ರ ಭೂಕಂಪ ಅದನ್ನು ಹಾಳುಗೆಡವಿತು, ಮರುವರ್ಷ ಜಪಾನೀಯರು ಬಂದರು. ಎರಡೂ ಜಾಗಗಳನ್ನು ಒಂದೇ ಪ್ರವಾಸದಲ್ಲಿ ನೋಡುವುದಾದರೆ ಮಕ್ಕಳಿಗೆ ಒಂದರಿಂದ ಇನ್ನೊಂದನ್ನು ಬೆರಳು ಮಾಡಿ ತೋರಿಸಿ.

ಸಹ್ಯಾದ್ರಿ ಹಕ್ಕಿ ಬರೆದದ್ದು:

ಮೊದಲ ದಿನವೇ ಮಕ್ಕಳಿಗೆ ಹೇಳಬೇಕಾದ ಒಂದು ನಿಯಮವಿದೆ. ಶಂಖ, ಚಿಪ್ಪು, ಹವಳದ ತುಂಡು ಯಾವುದನ್ನೂ ಜೇಬಿಗೆ ಹಾಕಿಕೊಳ್ಳಬಾರದು. ಹವಳವೆಂದರೆ ಲಕ್ಷಾಂತರ ಪುಟ್ಟ ಜೀವಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯ ರಕ್ಷಣೆಯಲ್ಲಿದೆ, ಸತ್ತು ಬಿಳಿಯಾಗಿ ದಡಕ್ಕೆ ಬಿದ್ದ ತುಂಡಿಗೂ ಇದು ಅನ್ವಯಿಸುತ್ತದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದು ಕಣ್ಣೀರು ಹಾಕುವ ಮಕ್ಕಳಿಗಿಂತ, ಅವರಿಗೆ ಮೊದಲೇ ಹೇಳದ ಪೋಷಕರ ಮೇಲೆ ನನಗೆ ಸಿಟ್ಟು. ಖಾಲಿ ಶಂಖಗಳನ್ನೆಲ್ಲ ನಾವೇ ಬಾಚಿಕೊಂಡು ಬಂದರೆ ಹೇಮಾವತಿಯವರ ಮಗ ಕಂಡ ಏಡಿಗೆ ಮನೆ ಎಲ್ಲಿ ಸಿಗಬೇಕು? ಬೆಳೆದಂತೆಲ್ಲ ಅದು ದೊಡ್ಡ ಶಂಖ ಹುಡುಕಿಕೊಂಡು ಮನೆ ಬದಲಿಸಲೇಬೇಕು.

ಮರುದಿನ ಎಲಿಫೆಂಟ್ ಬೀಚಿನಲ್ಲೋ ನಾರ್ತ್ ಬೇಯಲ್ಲೋ ಸ್ನಾರ್ಕೆಲಿಂಗ್ ಮಾಡುವವರು ನೀರಿನಲ್ಲಿ ಹವಳದ ಮೇಲೆ ಕಾಲೂರಿ ನಿಲ್ಲಬಾರದು. 2010ರಲ್ಲಿ ಸಮುದ್ರದ ನೀರು ಅತಿಯಾಗಿ ಬಿಸಿಯೇರಿ ಅಂಡಮಾನಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡವು, ಉಳಿದದ್ದನ್ನು ನಮ್ಮ ಕಾಲಿನಿಂದ ಮುರಿಯುವುದು ಬೇಡ. ನಮ್ಮ ಮುರುಡೇಶ್ವರದ ನೇತ್ರಾಣಿಯಲ್ಲಿ ಮುಳುಗಿ ಬಂದವರಿಗೆ ಈ ಮಾತು ಹೊಸದಲ್ಲ.

ಮೊಸಳೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಉಪ್ಪುನೀರಿನ ಮೊಸಳೆಗಳು ಈ ದ್ವೀಪಗಳ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಳ್ಳಗಳಲ್ಲಿವೆ. ತೀರದಲ್ಲಿ ಎಚ್ಚರಿಕೆಯ ಫಲಕವಿದ್ದರೆ, ಜೀವರಕ್ಷಕರು ಬೇಡವೆಂದರೆ, ಹಳ್ಳ ಕಡಲಿಗೆ ಸೇರುವ ಜಾಗದಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ. ಇದರಲ್ಲಿ ವಾದಕ್ಕೆ ಎಡೆಯಿಲ್ಲ.

ತುಂಗೆಯ ತಟ ಬರೆದದ್ದು:

ಮೊದಲ ದಿನವೇ ಬಾರಾಟಾಂಗ್ ಗುಹೆಗೆ ಹೋಗಿ ದಾರಿಯಲ್ಲಿ ಜಾರವಾ ಜನರನ್ನು ನೋಡಬಹುದು ಎಂದು ಪರಿಚಯದವರು ಹೇಳಿದರು. ಸಾಧ್ಯವೇ?

ನಿರ್ವಾಹಕ ಬರೆದದ್ದು:

ಈ ವೇದಿಕೆಯಲ್ಲಿ ಜಾರವಾ ಜನರನ್ನು ನೋಡುವ ಪ್ರವಾಸದ ಬಗ್ಗೆ ಸಲಹೆ ಕೊಡಲು ಅವಕಾಶವಿಲ್ಲ. 1956ರ ಮೂಲನಿವಾಸಿ ಬುಡಕಟ್ಟು ಸಂರಕ್ಷಣಾ ನಿಯಮದ ಅಡಿಯಲ್ಲಿ ಅವರ ಮೀಸಲು ಪ್ರದೇಶಕ್ಕೆ ಹೊರಗಿನವರ ಪ್ರವೇಶ ನಿಷಿದ್ಧವಾಗಿದೆ. ಆ ರಸ್ತೆಯಲ್ಲಿ ವಾಹನಗಳು ಜಿರ್ಕಾಟಾಂಗ್ ಠಾಣೆಯಿಂದ ಕಾವಲಿನೊಂದಿಗೆ ಗುಂಪಾಗಿ ಮಾತ್ರ ಸಾಗುತ್ತವೆ, ನಿಲ್ಲಿಸುವುದು, ಚಿತ್ರ ತೆಗೆಯುವುದು, ತಿಂಡಿ ಕೊಡುವುದು ಎಲ್ಲವೂ ಅಪರಾಧ. ಚರ್ಚೆ ಮೊದಲ ದಿನದ ಬಗ್ಗೆಯೇ ಮುಂದುವರಿಯಲಿ.

ಅಬರ್ಡೀನ್ ಬಜಾರ್ ಬರೆದದ್ದು:

ನಿರ್ವಾಹಕರಿಗೆ ಧನ್ಯವಾದ. ಆ ದಾರಿಯ ಪ್ರಯಾಣಕ್ಕೆ ನಸುಕಿಗೆ ಮುಂಚೆಯೇ ಹೊರಡಬೇಕಾದ್ದರಿಂದ ವಿಮಾನ ಇಳಿದ ದಿನ ಅದು ಹೇಗೂ ಆಗದ ಮಾತು.

ಮಂಗಳೂರು ಮಳೆ ಬರೆದದ್ದು:

ಹಡಗಿನ ವಾಂತಿಯ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲವೆಂದು ಬರೆಯುತ್ತಿದ್ದೇನೆ. ಖಾಸಗಿ ಹಡಗುಗಳು ಎಲ್ಲ ಕಡೆ ಮುಚ್ಚಿದ, ಹವಾನಿಯಂತ್ರಿತ ಹಡಗುಗಳು. ಕಿಟಕಿ ತೆರೆಯುವಂತಿಲ್ಲ, ಸಮುದ್ರ ಸ್ವಲ್ಪ ಎದ್ದರೂ ಮುಂದಿನ ಸಾಲಿನಲ್ಲಿ ಕುಳಿತವರಿಗೆ ಹೊಟ್ಟೆ ತೊಳಸುತ್ತದೆ. ಕೆಳಮಹಡಿಯಲ್ಲಿ, ನಡುಭಾಗಕ್ಕೆ ಅಥವಾ ಹಿಂಭಾಗಕ್ಕೆ ಸೀಟು ಕೇಳಿ ಪಡೆಯಿರಿ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡುವ ಮಕ್ಕಳಿಗೆ ಹಡಗಿನಲ್ಲಿಯೂ ಅದೇ ಪಾಡು. ಘಾಟಿ ಬಸ್ಸಿಗೆ ಮುನ್ನ ನಾವು ನುಂಗುವ ಅವೋಮಿನ್ ಗುಳಿಗೆಯನ್ನು ಹಡಗು ಹತ್ತಿದ ಮೇಲೆ ನುಂಗಿ ಪ್ರಯೋಜನವಿಲ್ಲ, ಸಾಕಷ್ಟು ಮೊದಲೇ ತೆಗೆದುಕೊಂಡಿರಬೇಕು. ನಾಲ್ಕು ವರ್ಷದ ಮಗುವಿಗೆ ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ಮನೆಯ ವೈದ್ಯರಲ್ಲಿ ಹೊರಡುವ ಮುನ್ನ ಕೇಳಿಕೊಳ್ಳಿ. ನಿದ್ದೆಗೆಟ್ಟು ವಿಮಾನದಲ್ಲಿ ಬಂದು, ಹೊಟ್ಟೆಗೆ ಸರಿಯಾಗಿ ಬೀಳದೆ, ಅಂದೇ ಹಡಗು ಹತ್ತಿದ ಮಗುವಿಗೆ ತೊಂದರೆ ಹೆಚ್ಚು. ಈ ಒಂದು ಕಾರಣಕ್ಕೆ ನನ್ನ ಮತ ಹೇಮಾವತಿಯವರ ಕಡೆಗೆ.

ನಗದು ಹಣವೂ ಜೊತೆಗಿರಲಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಪೋರ್ಟ್ ಬ್ಲೇರಿನಲ್ಲಿ ಫೋನಿನ ಮೂಲಕ ಹಣ ಕೊಡುವುದು ಸಲೀಸಾಗಿದೆ, ಆದರೆ ಹ್ಯಾವ್‌ಲಾಕಿನ ಕಡಲತೀರದ ಎಳನೀರಿನವರ ಬಳಿ ಸಿಗ್ನಲ್ಲಿಗಾಗಿ ಫೋನನ್ನು ಆಕಾಶಕ್ಕೆ ಎತ್ತಿ ನಿಲ್ಲಬೇಕಾಗಬಹುದು.

ಬಯಲುಸೀಮೆ ಅಲೆಮಾರಿ ಬರೆದದ್ದು:

ನಾಲ್ಕು ವರ್ಷದ ಮಗುವಿನ ವಿಷಯದಲ್ಲಿ ನಾನು ಹಟ ಹಿಡಿಯುವುದಿಲ್ಲ. ಆದರೆ ದಂಪತಿಗಳೋ, ಹದಿಹರೆಯದ ಮಕ್ಕಳಿರುವವರೋ ಆದರೆ ಬೆಳಗಿನ ವಿಮಾನ, ಮಧ್ಯಾಹ್ನಕ್ಕೆ ಮೊದಲಿನ ಹಡಗು ಎಂಬುದೇ ಇಂದಿಗೂ ನನ್ನ ಸಲಹೆ.

ಹೇಮಾವತಿ ತೀರ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ನಾದಿನಿಯವರಿಗೆ ಈ ಚರ್ಚೆಯನ್ನು ಓದಿಸಿದೆ. ಅವರ ವಿಮಾನ ಹತ್ತೂವರೆಗೆ ಇಳಿಯುತ್ತದೆ, ಏಜೆಂಟರು ಹಿಡಿದಿರುವುದು ಮಧ್ಯಾಹ್ನದ ಹಡಗು. ನಡುವೆ ಮೂರು ಗಂಟೆಯೇನೋ ಸಿಗುತ್ತದೆ, ಆದರೆ ಹ್ಯಾವ್‌ಲಾಕಿನಲ್ಲಿ ಇಳಿಯುವಾಗ ಗಂಗೊಳ್ಳಿಯವರು ಹೇಳಿದಂತೆ ಬೆಳಕು ಮುಗಿಯುತ್ತಾ ಬಂದಿರುತ್ತದೆ. ಆದ್ದರಿಂದ ಆ ಟಿಕೆಟ್ಟನ್ನು ಮರುದಿನ ಬೆಳಗಿನದಕ್ಕೆ ಬದಲಿಸಲು ಕೇಳಿದ್ದಾರೆ. ಮೊದಲ ದಿನ ಊಟ, ನಿದ್ದೆ, ಮಗುವಿಗಾಗಿ ಕಾರ್ಬಿನ್ಸ್ ಕೋವಿನಲ್ಲಿ ಒಂದು ಗಂಟೆ. ಜೈಲು ಮತ್ತು ರಾಸ್ ದ್ವೀಪಗಳನ್ನು ಅಲೆಮಾರಿಯವರ ಮಾತಿನಂತೆ ಪ್ರವಾಸದ ಕೊನೆಗೆ ಇಟ್ಟುಕೊಳ್ಳುತ್ತಾರೆ. ಜೈಲಿಗೆ ದೊಡ್ಡವರು ಸರದಿಯ ಮೇಲೆ ಹೋಗಿ ಬರುತ್ತಾರಂತೆ.

ಗಂಗೊಳ್ಳಿಯವರಲ್ಲಿ ಒಂದೇ ಪ್ರಶ್ನೆ ಉಳಿದಿದೆ. ಅವರು ಹ್ಯಾವ್‌ಲಾಕ್ ತಲುಪುವ ದಿನ ಹುಣ್ಣಿಮೆಯ ಮರುದಿನ. ಉಬ್ಬರದ ಹೊತ್ತನ್ನು ಎಲ್ಲಿ ನೋಡಿಕೊಳ್ಳಬೇಕು?

ಗಂಗೊಳ್ಳಿ ಕಡಲು ಬರೆದದ್ದು:

ಫೋನಿನಲ್ಲಿ ಉಬ್ಬರವಿಳಿತದ ಪಟ್ಟಿ ತೋರಿಸುವ ಆ್ಯಪ್‌ಗಳಿವೆ, ಅದರಲ್ಲಿ ಹ್ಯಾವ್‌ಲಾಕ್ ಸಿಗದಿದ್ದರೆ ಪೋರ್ಟ್ ಬ್ಲೇರಿನದನ್ನೇ ನೋಡಿದರೂ ಅಂದಾಜಿಗೆ ಸಾಕು. ಉಳಿಯುವ ಜಾಗದವರನ್ನು ಕೇಳುವುದು ಇನ್ನೂ ಒಳ್ಳೆಯದು, ದೋಣಿ ನಡೆಸುವವರಿಗೆ ಅದು ಬಾಯಿಪಾಠವಿರುತ್ತದೆ. ಹುಣ್ಣಿಮೆಯ ಮರುದಿನವಾದ್ದರಿಂದ ಇಳಿತ ಜೋರಾಗಿಯೇ ಇರುತ್ತದೆ. ಪೂರ್ವ ತೀರದಲ್ಲಿ ಕೊಠಡಿ ಹಿಡಿದಿದ್ದರೆ ಮಗುವಿನ ನೀರಾಟವನ್ನು ಉಬ್ಬರ ಏರತೊಡಗಿದ ಮೇಲೆ ಇಟ್ಟುಕೊಳ್ಳಲಿ. ರಾಧಾನಗರದ ದಡ ಮರಳಿನದಾದ್ದರಿಂದ ಅಲ್ಲಿ ಇಳಿತದಲ್ಲಿಯೂ ಬಂಡೆಯ ಕಾಟವಿಲ್ಲ. ಮಧ್ಯಾಹ್ನ ಎರಡೂವರೆಗೆಲ್ಲ ಅಲ್ಲಿರುವಂತೆ ಹೊರಡಲಿ. ರಬ್ಬರಿನ ಚಪ್ಪಲಿಗಿಂತ ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಮಗುವಿಗೆ ಮೇಲು, ಅಲೆಗೆ ಕಳಚಿ ಹೋಗುವುದಿಲ್ಲ.